ಪೀಣ್ಯದಲ್ಲೊಂದು ದೋಣಿ ರಿಪೇರಿ: ಗಾಯ ಮುಚ್ಚುವ ಮೊದಲು ಬಿಚ್ಚಿ ನೋಡಿದ ಫೈಬರ್ ವರ್ಕ್‌ಶಾಪ್

ಬೆಂಗಳೂರಿನಲ್ಲಿ ಸ್ವಂತ ದೋಣಿ ಇರುವವರು ಕಡಿಮೆ. ಅದರ ಒಡಲಿಗೆ ಪೆಟ್ಟು ಬಿದ್ದಾಗ ನಂಬಿ ಒಪ್ಪಿಸಬಹುದಾದ ಕೈಗಳು ಇನ್ನೂ ಕಡಿಮೆ. ಮಂಗಳೂರು, ಮಲ್ಪೆಗಳಲ್ಲಾದರೆ ದಡದಲ್ಲೇ ಫೈಬರ್ ಕೆಲಸದವರು ಸಿಗುತ್ತಾರೆ. ಆದರೆ ಟ್ರೇಲರ್ ಕಟ್ಟಿಕೊಂಡು 350 ಕಿಲೋಮೀಟರ್ ಹೋಗಿ, ಘಾಟಿ ಇಳಿದು, ಕೆಲಸ ಮುಗಿಯುವವರೆಗೆ ಅಲ್ಲೇ ಬಿಟ್ಟು ಬರುವುದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. ಹೀಗಾಗಿ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಫೈಬರ್‌ಗ್ಲಾಸ್ ವರ್ಕ್‌ಶಾಪ್ ನಮ್ಮ ದೋಣಿಗೆ ಮಾಡಿಕೊಟ್ಟ ಕೆಲಸವನ್ನು, ಅದರ ಕೊರತೆಗಳನ್ನೂ ಸೇರಿಸಿ, ವಿವರವಾಗಿ ಬರೆಯಬೇಕೆನಿಸಿತು. ಅವರ ಮುಖ್ಯ ಕಸುಬು ನೀರಿನ ಟ್ಯಾಂಕು, ಯಂತ್ರಗಳ ಹೊದಿಕೆ, ಉದ್ಯಾನಗಳ ಜಾರುಬಂಡೆ ಮುಂತಾದವುಗಳ ತಯಾರಿಕೆ. ವರ್ಷಕ್ಕೆ ನಾಲ್ಕೈದು ದೋಣಿಗಳಿಗಿಂತ ಹೆಚ್ಚು ನಿಲ್ಲಿಸಲು ಜಾಗವಿಲ್ಲ, ಹೆಸರು ಹಾಕಬೇಡಿ ಎಂದು ಯಜಮಾನರೇ ಕೇಳಿಕೊಂಡದ್ದರಿಂದ ಹೆಸರನ್ನು ಇಲ್ಲಿ ಬರೆದಿಲ್ಲ.

ನಾನೂ ನನ್ನ ತಮ್ಮನೂ ಸೇರಿ ಕಳೆದ ವರ್ಷದ ಆರಂಭದಲ್ಲಿ ಗಾಜಿನ ನಾರನ್ನು ರಾಳದಲ್ಲಿ ಕೂರಿಸಿ ಪದರ ಪದರವಾಗಿ ಮಾಡಿದ, 14 ಅಡಿಯ ಫೈಬರ್ ಹಾಯಿದೋಣಿಯೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆವು. ಅದು ಇರುವುದು ಕೆಂಗೇರಿಯಲ್ಲಿ, ತಂದೆಯವರ ಮನೆಯ ಪಕ್ಕದ ಸೈಟಿನಲ್ಲಿ, ಟ್ರೇಲರ್ ಮೇಲೆ. ಅನುಮತಿ ಇರುವ ತರಬೇತುದಾರರ ಜೊತೆಯಲ್ಲಿ ಕೃಷ್ಣರಾಜಸಾಗರದ ಹಿನ್ನೀರಿಗೆ ಕೊಂಡೊಯ್ಯುತ್ತೇವೆ. ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಮಟ್ಟ ನೂರಡಿಗಿಂತ ಕೆಳಗಿಳಿದ ಬೇಸಿಗೆಯಲ್ಲಿ, ಮಳೆಗಾಲದುದ್ದಕ್ಕೂ ಆಳದಲ್ಲಿದ್ದ ಬಂಡೆಗಳು ನೀರಿನ ಚರ್ಮದ ಕೆಳಗೆ ಒಂದು ಗೇಣಿನಷ್ಟೇ ದೂರದಲ್ಲಿ ಬಂದು ಕೂತಿರುತ್ತವೆ. ಮೇ ತಿಂಗಳಲ್ಲಿ ಅಂಥದೊಂದು ಬಂಡೆಗೆ ನಮ್ಮ ದೋಣಿಯ ತಳದ ನಡುಗೆರೆ ಉಜ್ಜಿತು. ನೀರೇನೂ ಒಳಗೆ ನುಗ್ಗಲಿಲ್ಲ. ದಡಕ್ಕೆ ತಂದು ಮಗುಚಿ ನೋಡಿದರೆ ಅಂಗೈ ಅಗಲದ ಬಿಳಿ ತೊಗಟೆ ಎದ್ದು, ಅದರ ನಡುವೆ ಹೆಬ್ಬೆರಳಿನಷ್ಟು ಜಾಗದಲ್ಲಿ ಗಾಜಿನ ನಾರು ಕಾಣುತ್ತಿತ್ತು.

ಆಗ ನಾವು ಮಾಡಿದ ಮೊದಲ ತಪ್ಪನ್ನು ಹೊಸದಾಗಿ ದೋಣಿ ಕೊಂಡ ಬಹುಪಾಲು ಜನ ಮಾಡುತ್ತಾರೆಂದು ಆಮೇಲೆ ತಿಳಿಯಿತು. ಕಾರಿನ ಬಾಡಿ ಕೆಲಸ ಮಾಡುವ ಒಂದು ಅಂಗಡಿಗೆ ತೋರಿಸಿದೆವು. ಅವರು ಉಜ್ಜಿ, ಬಾಡಿ ಪುಟ್ಟಿ ತುಂಬಿ, ಮೇಲೆ ಬಣ್ಣ ಹೊಡೆದು ಎರಡೇ ದಿನದಲ್ಲಿ ಕೊಟ್ಟರು; ಕನ್ನಡಿಯಂತೆ ಹೊಳೆಯುತ್ತಿತ್ತು, 6,500 ರೂಪಾಯಿ ತೆತ್ತೆವು. ಕಾರಿನ ಪುಟ್ಟಿ ಪಾಲಿಯೆಸ್ಟರ್ ರಾಳಕ್ಕೆ ಟಾಲ್ಕ್ ಪುಡಿ ಬೆರೆಸಿ ಮಾಡಿದ ವಸ್ತು. ಮಳೆಯಲ್ಲಿ ತೊಯ್ದು ಒಣಗುವ ಬಾನೆಟ್ಟಿಗೆ ಅದು ಸಾಕು. ಗಂಟೆಗಟ್ಟಲೆ ನೀರಿನಲ್ಲಿ ಮುಳುಗಿರುವ ಒಡಲಿನಲ್ಲಿ ಅದು ನಿಧಾನವಾಗಿ ನೀರು ಹೀರುತ್ತದೆ, ಉಬ್ಬುತ್ತದೆ, ಅಂಚು ಬಿಡುತ್ತದೆ. ಬಲವನ್ನಂತೂ ಅದು ಮೊದಲಿನಿಂದಲೂ ಕೊಟ್ಟಿರುವುದಿಲ್ಲ, ಏಕೆಂದರೆ ಒಡಲಿನ ಬಲವಿರುವುದು ಗಾಜಿನ ನಾರಿನಲ್ಲಿ, ತುಂಡಾದ ನಾರನ್ನು ಪುಟ್ಟಿ ಜೋಡಿಸುವುದಿಲ್ಲ. ಜುಲೈ ಹೊತ್ತಿಗೆ ಬಣ್ಣದ ಅಂಚಿನಲ್ಲಿ ಕೂದಲೆಳೆಯ ಗೆರೆ ಕಾಣಿಸಿತು. ಮುಂಚೆ ಇಬ್ಬರೇ ಟ್ರೇಲರಿಗೆ ಎಳೆದು ಹಾಕುತ್ತಿದ್ದ ದೋಣಿಗೆ ಮೂರನೆಯವರ ಕೈ ಬೇಕಾಗತೊಡಗಿತು.

ಪೀಣ್ಯದ ವರ್ಕ್‌ಶಾಪಿನ ವಿಚಾರ ತಿಳಿಸಿದ್ದು ಎಸ್‌.ಜೆ.ಪಿ. ರಸ್ತೆಯಲ್ಲಿ ರಾಳ ಮಾರುವ ಅಂಗಡಿಯವರು. ಅಲ್ಲಿನ ಮೇಸ್ತ್ರಿಗಳು ಮೊದಲ ದಿನ ಯಾವ ಉಪಕರಣವನ್ನೂ ಕೈಗೆತ್ತಿಕೊಳ್ಳಲಿಲ್ಲ. ಜೇಬಿನಿಂದ ಐದು ರೂಪಾಯಿಯ ನಾಣ್ಯ ತೆಗೆದು, ದೋಣಿಯ ತಳವನ್ನು ಮೂತಿಯಿಂದ ಹಿಂಬದಿಯವರೆಗೆ ಎರಡೆರಡು ಅಂಗುಲಕ್ಕೊಮ್ಮೆ ತಟ್ಟುತ್ತಾ ಬಂದರು. ಗಟ್ಟಿ ಇರುವಲ್ಲಿ ಟಣ್ ಎಂಬ ಸ್ಪಷ್ಟ ಸದ್ದು. ನಮ್ಮ ಪುಟ್ಟಿಯ ಸುತ್ತ ಬಂದೊಡನೆ ಸದ್ದು ಸತ್ತು, ಹಳೆಯ ಗೋಡೆಯ ಗಾರೆ ಬಿಟ್ಟ ಜಾಗದಲ್ಲಿ ಕೇಳುವಂತೆ ದಪ್ ಎಂದಿತು. ಸದ್ದು ಬದಲಾದಲ್ಲೆಲ್ಲ ಬಳಪದಿಂದ ಗುರುತು ಹಾಕಿದರು. ಕೊನೆಗೆ ಆ ಗುರುತುಗಳನ್ನು ಸೇರಿಸಿ ಗೆರೆ ಎಳೆದಾಗ ನಾವು ಅಂಗೈಯಷ್ಟು ಎಂದುಕೊಂಡಿದ್ದ ಗಾಯ ಊಟದ ತಟ್ಟೆಯಷ್ಟಿತ್ತು. ‘ಮೇಡಂ, ಇದು ಮೇಲಿನ ಪೆಟ್ಟಲ್ಲ, ಒಳಗೆ ಪದರ ಬಿಟ್ಟು ನೀರು ಕುಡಿದಿದೆ. ಬಿಚ್ಚಬೇಕು, ಒಣಗಿಸಬೇಕು. ಎಷ್ಟು ದಿನ ಅಂತ ಇವತ್ತೇ ಹೇಳಲ್ಲ’ ಎಂದರು. ನನಗೆ ಈ ವರ್ಕ್‌ಶಾಪಿನ ಮೇಲೆ ವಿಶ್ವಾಸ ಹುಟ್ಟಿದ್ದು ಆ ಕೊನೆಯ ಮಾತಿನಿಂದ.

ಅಂದೇ ದೋಣಿಯನ್ನು ಟ್ರೇಲರ್ ಸಮೇತ ಹತ್ತಿರದ ವೇಬ್ರಿಡ್ಜಿಗೆ ಒಯ್ದು ತೂಗಿಸಿದರು. ಟ್ರೇಲರಿನ ತೂಕ ಕಳೆದ ಮೇಲೆ 170 ಕೆ.ಜಿ. ಉಳಿಯಿತು, ದೋಣಿಯ ಹಿಂಬದಿಯ ತಗಡಿನಲ್ಲಿ ಅಚ್ಚಾಗಿರುವ ಖಾಲಿ ತೂಕ 130. ವೇಬ್ರಿಡ್ಜ್ ಹತ್ತು ಕೆ.ಜಿ.ಯ ಮೆಟ್ಟಿಲಿನಲ್ಲಿ ತೂಗುವುದರಿಂದ ಅತ್ತಿತ್ತ ಸ್ವಲ್ಪ ವ್ಯತ್ಯಾಸ ಹಿಡಿದರೂ ನೀರು ಎಲ್ಲೋ ಸೇರಿಕೊಂಡಿರುವುದು ಖಚಿತವಾಗಿತ್ತು. ಆ ನೀರು ಸಿಕ್ಕಿದ್ದು ಪೆಟ್ಟು ಬಿದ್ದ ಜಾಗದಲ್ಲಷ್ಟೇ ಅಲ್ಲ, ದೋಣಿ ಮಗುಚಿದರೂ ತೇಲಲೆಂದು ಮುಂಭಾಗದಲ್ಲಿ ಕಟ್ಟಿರುವ ಗಾಳಿ ಪೆಟ್ಟಿಗೆಯೊಳಗೆ. ಅದರಲ್ಲಿ ತುಂಬಿದ್ದ ಹಳೆಯ ಪಾಲಿಯುರೆಥೇನ್ ಫೋಮ್ ಸ್ಪಂಜಿನಂತೆ ನೆನೆದು ಕೂತಿತ್ತು. ಅದನ್ನೆಲ್ಲ ಕಿತ್ತು ತೆಗೆದು, ನೀರು ಹೀರದ ಪಾಲಿಎಥಿಲೀನ್ ಫೋಮಿನ ತುಂಡುಗಳನ್ನು ಇಟ್ಟು, ತಿರುಗಿಸಿ ತೆಗೆಯಬಹುದಾದ ಒಂದು ಮುಚ್ಚಳ ಕೂರಿಸಿಕೊಟ್ಟರು. ನಾವು ಕೇಳದ ಕೆಲಸ ಇದು. ಮಾಡುವ ಮೊದಲು ಫೋನ್ ಮಾಡಿ, ಫೋಟೋ ಕಳಿಸಿ, ಒಪ್ಪಿಗೆ ಪಡೆದೇ ಮಾಡಿದರು.

ಗಾಯ ಬಿಚ್ಚುವ ದಿನ ನಾನು ರಜೆ ಹಾಕಿ ಹೋಗಿದ್ದೆ. ಗ್ರೈಂಡರಿನಿಂದ ಪುಟ್ಟಿಯನ್ನು ಕೆರೆದಾಗ ಅಡಿಯಲ್ಲಿ ಒದ್ದೆಯಾದ ಕಂದು ಬಣ್ಣದ ನಾರು ಹೊರಬಂತು. ವಿನಿಗರಿನಂಥ ಹುಳಿ ವಾಸನೆ ಮೂಗಿಗೆ ಬಡಿಯಿತು. ಗಾಜಿನ ನಾರನ್ನು ಹಿಡಿದಿರುವ ರಾಳ ನೀರಿನೊಂದಿಗೆ ವಿಘಟನೆಯಾಗುವಾಗ ಹುಟ್ಟುವ ಆಮ್ಲದ ವಾಸನೆ ಅದು. ಹಳೆಯ ದೋಣಿಗಳ ತಳದಲ್ಲಿ ಬೊಬ್ಬೆಗಳೇಳುವುದೂ ಇದೇ ಕಾರಣಕ್ಕೆ. ಕೊಳೆತದ್ದನ್ನು ಕತ್ತರಿಸಿದ ಮೇಲೆ ಉಳಿದ ತೂತು ಸುಮಾರು ನಾಲ್ಕು ಸೆಂಟಿಮೀಟರ್. ಅಲ್ಲಿಗೆ ನಿಲ್ಲಿಸದೆ ಅದರ ಸುತ್ತಲಿನ ಗಟ್ಟಿ ಒಡಲನ್ನೂ ಇಳಿಜಾರಾಗಿ ಉಜ್ಜತೊಡಗಿದರು. ಒಳ್ಳೆಯ ಭಾಗವನ್ನೇಕೆ ತೆಗೆಯುತ್ತೀರಿ ಎಂದು ಕೇಳಿದೆ. ಒಡಲಿನ ದಪ್ಪ ಎಷ್ಟಿದೆಯೋ ಅದರ ಹನ್ನೆರಡು ಪಟ್ಟು ದೂರದವರೆಗೆ ಇಳಿಜಾರು ಕೊಡಬೇಕು, ಆಗ ಮಾತ್ರ ಹೊಸ ಪದರಕ್ಕೂ ಹಳೆಯದಕ್ಕೂ ಹಿಡಿತ ಸಿಗುತ್ತದೆ ಎಂದರು. ನಮ್ಮ ದೋಣಿಯ ತಳ 5 ಮಿಲಿಮೀಟರ್ ದಪ್ಪ. ಹಾಗಾಗಿ ಪ್ರತಿ ಬದಿಗೆ 60 ಮಿಲಿಮೀಟರ್, ನಡುವಿನ ತೂತು 40, ಒಟ್ಟು 160. ನಾಲ್ಕು ಸೆಂಟಿಮೀಟರಿನ ತೂತಿಗೆ ಹದಿನಾರು ಸೆಂಟಿಮೀಟರಿನ ತೇಪೆ. ಉಜ್ಜಿ ಮುಗಿದಾಗ ಹಳೆಯ ಪದರಗಳು ಮರದ ದಿಮ್ಮಿಯ ಬಳೆಗಳಂತೆ ಒಂದರ ಸುತ್ತ ಒಂದು ಕಾಣುತ್ತಿದ್ದವು.

ಒಣಗಿಸುವುದೇ ನಿಜವಾದ ಸತ್ವಪರೀಕ್ಷೆ. ಬೆಂಗಳೂರಿನ ಆಗಸ್ಟ್ ತಿಂಗಳ ಜಡಿ ನಿಮಗೆ ಗೊತ್ತೇ ಇದೆ. ಬಟ್ಟೆಯೇ ಒಣಗದ ದಿನಗಳಲ್ಲಿ ನೀರು ಕುಡಿದ ಗಾಜಿನ ನಾರು ಒಣಗುವುದು ಎಲ್ಲಿಂದ? ಮೊದಲ ನಾಲ್ಕು ದಿನ ಆ ಜಾಗವನ್ನು ಮತ್ತೆ ಮತ್ತೆ ಸಿಹಿನೀರಿನಿಂದ ತೊಳೆದರು. ಒದ್ದೆಯಾದದ್ದನ್ನು ತೊಳೆಯುವುದು ವಿಚಿತ್ರವೆನಿಸಿದರೂ ಒಳಗಿನ ಆಮ್ಲ ಹೋಗದಿದ್ದರೆ ಅದು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತಿರುತ್ತದೆ. ಆನಂತರ ಶೆಡ್ಡಿನೊಳಗೆ ಹ್ಯಾಲೊಜೆನ್ ದೀಪಗಳನ್ನು ಒಂದು ಮೊಳ ದೂರದಲ್ಲಿಟ್ಟು, ಫ್ಯಾನ್ ಹಾಕಿ ಹನ್ನೆರಡು ದಿನ ಬಿಟ್ಟರು. ಒಣಗಿದೆಯೋ ಇಲ್ಲವೋ ಎಂದು ನೋಡಲು ಅವರು ಮಾಡಿದ ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು: ಪಾರದರ್ಶಕ ಪಾಲಿಥಿನ್ ಹಾಳೆಯ ಒಂದು ಚೌಕವನ್ನು ಆ ಜಾಗದ ಮೇಲಿಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ದೀಪದ ಶಾಖದಲ್ಲಿ ಒಂದು ದಿನ ಬಿಡುವುದು. ಹಾಳೆಯ ಒಳಮೈಯಲ್ಲಿ ಬೆವರಿದಂತೆ ಹನಿ ಕಂಡರೆ ಇನ್ನೂ ತೇವವಿದೆ ಎಂದರ್ಥ. ನಮ್ಮದು ಎರಡು ಸಲ ಬೆವರಿತು. ಮೂರನೆಯ ಸಲ ಒಣಗಿತ್ತು. ಮೊದಲ ಸಲವೇ ಮುಚ್ಚಿಬಿಟ್ಟಿದ್ದರೂ ನಮಗೆ ತಿಳಿಯುತ್ತಿರಲಿಲ್ಲ. ಅವರು ಮುಚ್ಚಲಿಲ್ಲ. ಈ ಬರಹದಲ್ಲಿ ನಾನು ಹೆಚ್ಚಾಗಿ ಮೆಚ್ಚುವುದು ಇದನ್ನೇ.

ಯಾವ ರಾಳ ಬಳಸಬೇಕೆಂಬ ವಿಚಾರದಲ್ಲಿ ಅವರು ನಮಗೆ ಆಯ್ಕೆ ಕೊಟ್ಟರು. ಪಾಲಿಯೆಸ್ಟರ್ ಅಗ್ಗ, ಅವರ ದಿನನಿತ್ಯದ ಕೆಲಸವೂ ಅದರಲ್ಲೇ. ಆದರೆ ಪೂರ್ತಿ ಗಟ್ಟಿಯಾದ ಹಳೆಯ ಒಡಲಿಗೆ ಹೊಸ ಪಾಲಿಯೆಸ್ಟರಿಗಿಂತ ಎಪಾಕ್ಸಿ ಎಂಬ ಇನ್ನೊಂದು ರಾಳ ಹೆಚ್ಚು ಬಲವಾಗಿ ಹಿಡಿಯುತ್ತದೆ, ನೀರನ್ನೂ ಚೆನ್ನಾಗಿ ತಡೆಯುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗಿನ ಗಾಯವಾದ್ದರಿಂದ ಎಪಾಕ್ಸಿ ಆರಿಸಿದೆವು. ಎಪಾಕ್ಸಿಗೆ ಹೋದರೆ ಅದರೊಳಗೆ ಹಾಕುವ ಗಾಜಿನ ನಾರಿನ ಬಟ್ಟೆಯನ್ನೂ ಬದಲಿಸಬೇಕು: ಟ್ಯಾಂಕುಗಳಿಗೆ ಹಾಕುವ ಕತ್ತರಿಸಿದ ನಾರಿನ ಚಾಪೆಯ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರವದಲ್ಲಿ ಕರಗುವಂಥದು, ಎಪಾಕ್ಸಿಯಲ್ಲಿ ಅದು ಸರಿಯಾಗಿ ಕರಗುವುದಿಲ್ಲ. ಹಾಗಾಗಿ ಚದರ ಮೀಟರಿಗೆ 600 ಗ್ರಾಂ ತೂಗುವ ನೇಯ್ದ ಗಾಜಿನ ಬಟ್ಟೆಯನ್ನು ಎಂಟು ಪದರ ಹಾಕಿದರು. ಎಪಾಕ್ಸಿಯ ಎರಡು ಭಾಗಗಳನ್ನು ಕಣ್ಣಳತೆಯಲ್ಲಲ್ಲ, ಅಕ್ಕಸಾಲಿಗರ ಹಾಗೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬೆರೆಸಿದರು. ಇಲ್ಲಿ ಗಟ್ಟಿಯಾಗಿಸುವ ಭಾಗವಾದ ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಮೆತ್ತಗೆ ಉಳಿದು ಕೆಡುತ್ತದೆ. ಎಲ್ಲಕ್ಕಿಂತ ದೊಡ್ಡ ತುಂಡನ್ನು ಮೊದಲು ಹಾಕಿ ಚಿಕ್ಕವನ್ನು ಮೇಲೆ ಹಾಕುತ್ತಾ ಬಂದರು. ಚಿಕ್ಕದರಿಂದ ಆರಂಭಿಸುವ ಕೆಲಸಗಾರರೂ ಇದ್ದಾರೆ. ಮೊದಲ ಪದರವೇ ಇಳಿಜಾರಿನ ಪೂರ್ತಿ ಅಗಲವನ್ನು ಅಪ್ಪಿಕೊಳ್ಳಲಿ ಎಂಬುದು ಈ ಮೇಸ್ತ್ರಿಗಳ ವಾದ. ಒಂದೇ ಪಟ್ಟಿಗೆ ಎಂಟೂ ಪದರ ಹಾಕಿದರೆ ರಾಳ ತನ್ನ ಶಾಖಕ್ಕೆ ತಾನೇ ಬೇಯುತ್ತದೆಂದು ಎರಡು ದಿನಗಳಲ್ಲಿ ನಾಲ್ಕು ನಾಲ್ಕಾಗಿ ಹಾಕಿದರು, ನಡುವೆ ಮೇಲ್ಮೈಯ ಮೇಣದಂಥ ಪೊರೆಯನ್ನು ಬರೀ ನೀರಿನಿಂದ ಉಜ್ಜಿ ತೊಳೆದರು.

ಇಲ್ಲಿಂದ ಮುಂದೆ ನನ್ನ ದೂರುಗಳಿವೆ. ಎಪಾಕ್ಸಿ ಬಿಸಿಲಿಗೆ ಕೆಡುವುದರಿಂದ ಮೇಲೆ ಬಣ್ಣ ಬೇಕೇ ಬೇಕು. ಎರಡು ಭಾಗದ ಪಾಲಿಯುರೆಥೇನ್ ಬಣ್ಣವನ್ನು ಅವರು ಚೆನ್ನಾಗಿಯೇ ಹೊಡೆದರು, ಆದರೆ ಹೊಂದಿಕೆ ಕೂಡಲಿಲ್ಲ. ಬಿಸಿಲು ತಿಂದು ಕೆನೆಬಣ್ಣಕ್ಕೆ ತಿರುಗಿದ ಒಡಲಿನ ಮೇಲೆ ತೇಪೆ ಹಾಲಿನಷ್ಟು ಬಿಳಿಯಾಗಿ ಎದ್ದು ಕಾಣುತ್ತದೆ. ಇನ್ನೊಂದು, ಬಿಲ್ಲು. ಒಟ್ಟು 38,000 ರೂಪಾಯಿ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟಿದ್ದರು. ಸಾಮಗ್ರಿ ಎಷ್ಟು, ಕೂಲಿ ಎಷ್ಟು, ಫೋಮಿನ ಕೆಲಸ ಎಷ್ಟು ಎಂದು ಬಿಡಿಸಿ ಕೊಡಿ ಎಂದು ಎರಡು ಸಲ ಕೇಳಬೇಕಾಯಿತು. ಕೊಟ್ಟ ಲೆಕ್ಕ ಸರಿಯಾಗಿಯೇ ಇತ್ತು, ಮೊದಲೇ ಕೊಡಬಹುದಿತ್ತು. ಅದಕ್ಕಿಂತ ಗಂಭೀರವಾದದ್ದು ಧೂಳು. ಗ್ರೈಂಡರ್ ಹಿಡಿದ ಹುಡುಗ ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡಿದ್ದ, ಅಷ್ಟೇ. ಗಾಜಿನ ಧೂಳು ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಹಾನಿ. ಇಷ್ಟು ಬಲ್ಲ ವರ್ಕ್‌ಶಾಪಿನಲ್ಲಿ ಸರಿಯಾದ ಫಿಲ್ಟರ್ ಮಾಸ್ಕ್ ಇಲ್ಲದಿರುವುದನ್ನು ನಾನು ಒಪ್ಪಲಾರೆ, ಯಜಮಾನರಿಗೆ ಹಾಗೆಂದು ನೇರವಾಗಿ ಹೇಳಿಯೂ ಬಂದಿದ್ದೇನೆ. ದೋಣಿ ಒಯ್ಯುವವರು ತಾವೂ ಹೇಳಿ. ಗಿರಾಕಿಗಳು ಕೇಳಿದರೆ ತರಿಸುತ್ತಾರೆ.

ದೋಣಿ ಒಪ್ಪಿಸುವ ದಿನ ಮೇಸ್ತ್ರಿಗಳು ಒಂದು ಗಂಟೆ ನಮ್ಮನ್ನು ಕೂರಿಸಿಕೊಂಡು ಆರೈಕೆಯ ವಿಷಯ ಹೇಳಿದರು. ಬಿಲ್ಲಿನಲ್ಲಿ ಸೇರದ ಆ ಒಂದು ಗಂಟೆ ಹೊಸಬರಿಗೆ ರಿಪೇರಿಯಷ್ಟೇ ಬೆಲೆಯುಳ್ಳದ್ದು. ಹಿಂಬದಿಯ ಕೆಳಗೆ ಇರುವ ಬಿರಡೆಯನ್ನು ನೀರಿನಿಂದ ಹೊರಗೆ ಬಂದೊಡನೆ ತೆಗೆದು, ಟ್ರೇಲರಿನ ಮೂತಿಯನ್ನು ಒಂದು ಅಡಿ ಎತ್ತಿ ನಿಲ್ಲಿಸಿ, ಒಳಗಿನ ಕೊನೆಯ ಹನಿಯೂ ಇಳಿಯುವವರೆಗೆ ಬಿಡಬೇಕು. ಗಾಳಿ ಪೆಟ್ಟಿಗೆಯ ಹೊಸ ಮುಚ್ಚಳವನ್ನೂ ತೆರೆದಿಡಬೇಕು. ದೋಣಿಗಳು ನೀರಿನಲ್ಲಿ ಇರುವಾಗ ಕೆಡುವುದಕ್ಕಿಂತ ಮನೆಯ ಮುಂದೆ ನಿಂತಿರುವಾಗ ನಿಂತ ನೀರಿನಿಂದ ಕೆಡುವುದೇ ಹೆಚ್ಚು ಎಂದು ಅವರು ಹೇಳಿದಾಗ ನನಗೆ ನಮ್ಮ ಸೈಟಿನಲ್ಲಿ ಬಿಗಿಯಾಗಿ ಕಟ್ಟಿದ್ದ ನೀಲಿ ಟಾರ್ಪಾಲು ನೆನಪಾಯಿತು. ಅದರ ಹೊಟ್ಟೆಯಲ್ಲಿ ಪ್ರತಿ ಮಳೆಗೂ ಎರಡು ಬಿಂದಿಗೆ ನೀರು ನಿಲ್ಲುತ್ತಿತ್ತು, ಒಳಗೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತಿತ್ತು. ಈಗ ಉದ್ದಕ್ಕೆ ಒಂದು ಬಿದಿರಿನ ಗಳು ಕಟ್ಟಿ, ಟಾರ್ಪಾಲನ್ನು ಗುಡಾರದ ಹಾಗೆ ಇಳಿಬಿಟ್ಟು, ಎರಡೂ ತುದಿ ತೆರೆದಿಟ್ಟಿದ್ದೇವೆ.

ಟ್ರೇಲರಿನ ಮಾತನ್ನು ನಾವು ಎಂದೂ ಯೋಚಿಸಿರಲಿಲ್ಲ. ದೋಣಿಯ ಭಾರ ತಳದ ನಡುಗೆರೆಯ ಮೇಲೆ ಉದ್ದಕ್ಕೂ ಹರಡಿ ಕೂರಬೇಕು. ನಮ್ಮದರಲ್ಲಿ ಎರಡು ರಬ್ಬರ್ ಉರುಳೆಗಳ ಮೇಲೆಯೇ ಪೂರ್ತಿ ಭಾರ ನಿಂತು, ಮೈಸೂರು ರಸ್ತೆಯ ಪ್ರತಿ ಹಂಪಿನಲ್ಲೂ ಅದೇ ಎರಡು ಜಾಗಕ್ಕೆ ಗುದ್ದು ಬೀಳುತ್ತಿತ್ತು. ಅದರ ಗುರುತು ಒಡಲಿನ ಮೇಲೇ ಇತ್ತು. ಮೇಲ್ಪದರದಲ್ಲಿ ನಕ್ಷತ್ರದ ಆಕಾರದಲ್ಲಿ ಬಿರುಕು ಹರಡಿದ್ದರೆ ಅಲ್ಲಿ ಪೆಟ್ಟು ಬಿದ್ದಿದೆ ಎಂದು, ಸಾಲುಸಾಲಾಗಿ ಸಮಾನಾಂತರ ಗೆರೆಗಳಿದ್ದರೆ ಆ ಭಾಗ ಭಾರಕ್ಕೆ ಬಾಗುತ್ತಿದೆ ಎಂದು ಓದಬೇಕಂತೆ. ಉರುಳೆಯ ಮೇಲ್ಗಡೆ ನಮ್ಮದರಲ್ಲಿ ಕಂಡದ್ದು ಸಾಲುಗೆರೆಗಳು. ದಪ್ಪ ಕಾರ್ಪೆಟ್ ಸುತ್ತಿದ ಎರಡು ಉದ್ದನೆಯ ಹಲಗೆಗಳನ್ನು ಅವರೇ ಕೂರಿಸಿಕೊಟ್ಟರು. ಚಕ್ರದ ಬೇರಿಂಗುಗಳ ಬಗ್ಗೆಯೂ ಎಚ್ಚರಿಸಿದರು: ಮೂರು ಗಂಟೆ ಓಡಿ ಕಾದಿರುವ ಬೇರಿಂಗನ್ನು ತಕ್ಷಣ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆಯುತ್ತದೆ. ಅರ್ಧ ಗಂಟೆ ತಣಿಯಲು ಬಿಡಿ, ಹಾಯಿಕಂಬ ಕಟ್ಟುವಷ್ಟರಲ್ಲಿ ಆ ಸಮಯ ಹೇಗೂ ಹೋಗುತ್ತದೆ.

ಉಳಿದವು ಸಣ್ಣವು. ಪಾತ್ರೆ ತಿಕ್ಕುವ ಪುಡಿ ಬೇಡ, ಬರೀ ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು. ವರ್ಷಕ್ಕೆ ಎರಡು ಸಲ ಮೇಣ. ಬಚ್ಚಲಿಗೆ ಹಾಕುವ ಸಿಲಿಕೋನನ್ನು ದೋಣಿಯ ಯಾವ ಸ್ಕ್ರೂಗೂ ಹಾಕಬಾರದು, ಏಕೆಂದರೆ ಅದು ತಾಕಿದ ಜಾಗಕ್ಕೆ ಮುಂದೆ ಬಣ್ಣವಾಗಲಿ ರಾಳವಾಗಲಿ ಹಿಡಿಯುವುದಿಲ್ಲ. ಒಂದು ಕೆರೆಯಿಂದ ಇನ್ನೊಂದು ನೀರಿಗೆ ಹೋಗುವ ಮುನ್ನ ಅಂತರಗಂಗೆಯ ಒಂದು ಎಳೆಯೂ ಅಂಟಿರದಂತೆ ತೊಳೆಯಬೇಕು. ಬೆಂಗಳೂರಿನ ಕೆರೆಗಳನ್ನು ಕಂಡವರಿಗೆ ಇದರ ಕಾರಣ ವಿವರಿಸಬೇಕಿಲ್ಲ. ತಳಕ್ಕೆ ಪಾಚಿ ಹಿಡಿಯದ ವಿಶೇಷ ಬಣ್ಣ ಹೊಡೆಸಬೇಕೇ ಎಂದು ತಮ್ಮ ಕೇಳಿದ. ಅದು ತಿಂಗಳುಗಟ್ಟಲೆ ನೀರಿನಲ್ಲೇ ಕಟ್ಟಿರುವ ದೋಣಿಗಳಿಗೆ, ಟ್ರೇಲರ್ ದೋಣಿಗೆ ದುಡ್ಡು ದಂಡ ಎಂದು ಹೇಳಿ, ಬರಬಹುದಾಗಿದ್ದ ಕೆಲಸವನ್ನು ಅವರೇ ಬಿಟ್ಟುಕೊಟ್ಟರು.

ಮನೆಯಲ್ಲೇ ಸಣ್ಣ ಗೀರುಗಳನ್ನು ಮುಚ್ಚಲು, ದೋಣಿಯ ಹೊರಮೈಯ ರಾಳದ ಲೇಪವಾದ ಜೆಲ್‌ಕೋಟ್ ಕೊಳ್ಳುವವರಿಗೆ ಒಂದು ಎಚ್ಚರಿಕೆಯನ್ನು ಅವರ ಪರವಾಗಿ ಇಲ್ಲಿ ದಾಟಿಸುತ್ತೇನೆ. ಅದನ್ನು ಗಟ್ಟಿಯಾಗಿಸಲು ಜೊತೆಗೆ ಬರುವ ಎಂಇಕೆಪಿ ಎಂಬ ಕ್ಯಾಟಲಿಸ್ಟನ್ನು ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು ಪಾಲು ಮಾತ್ರ ಬೆರೆಸುವುದು. ಅದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕವಿಲ್ಲದೆ ಮುಚ್ಚಳ ತೆರೆಯಬೇಡಿ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನೂ ಬೇರೆಯಾಗಿ ಕೊಂಡಿದ್ದರೆ ಇವೆರಡನ್ನು ನೇರವಾಗಿ ಒಂದಕ್ಕೊಂದು ಎಂದಿಗೂ ಸೇರಿಸಬಾರದು, ಸ್ಫೋಟವಾಗುತ್ತದೆ. ಒಂದೇ ಕಪಾಟಿನಲ್ಲೂ ಇಡಬೇಡಿ.

ಈ ವರ್ಕ್‌ಶಾಪಿನವರು ಎಂಜಿನ್ ಮುಟ್ಟುವುದಿಲ್ಲ, ಹಾಯಿ ಹೊಲಿಯುವುದಿಲ್ಲ, ಮರದ ದೋಣಿ ತೆಗೆದುಕೊಳ್ಳುವುದಿಲ್ಲ. ಮೂರು ವಾರವಾಗಬಹುದು ಎಂದುಕೊಂಡು ಹೋದರೆ ಐದು ವಾರ ಹಿಡಿಯುತ್ತದೆ, ಮಳೆಗಾಲದಲ್ಲಂತೂ ಖಂಡಿತ. ಆದ್ದರಿಂದ ಗಾಯವಾದರೆ ಜನವರಿಯಿಂದ ಮಾರ್ಚಿನ ಒಳಗೆ ಒಯ್ಯುವುದು ಒಳ್ಳೆಯದು. ಗಾಳಿ ಒಣಗಿರುತ್ತದೆ, ದೀಪದ ಖರ್ಚೂ ಉಳಿಯುತ್ತದೆ. ಹಣದ ವಿಚಾರದಲ್ಲಿ, 38,000 ನಮಗೆ ಸಣ್ಣ ಮೊತ್ತವಲ್ಲ. ಆದರೂ ಪುಟ್ಟಿಗೆ ಕೊಟ್ಟ 6,500 ವ್ಯರ್ಥವಾಯಿತೆಂದು ಬೇಸರವಿದೆಯೇ ಹೊರತು ಇದಕ್ಕೆ ಕೊಟ್ಟದ್ದರ ಬಗ್ಗೆ ಇಲ್ಲ.

ವಾಪಸು ತರುವ ದಿನ ಅದೇ ವೇಬ್ರಿಡ್ಜಿನಲ್ಲಿ ಮತ್ತೆ ತೂಗಿಸಿದೆವು. ಹಲಗೆಗಳ ಸಮೇತ ಖಾಲಿ ಟ್ರೇಲರನ್ನು ಮೊದಲು, ಆಮೇಲೆ ದೋಣಿ ಏರಿಸಿಕೊಂಡು. ವ್ಯತ್ಯಾಸ 140 ಕೆ.ಜಿ. ಬಂತು. ಆಮೇಲೆ ನಾಲ್ಕು ಸಲ ನೀರಿಗಿಳಿಸಿದ್ದೇವೆ, ಟ್ರೇಲರಿಗೆ ನಾವಿಬ್ಬರೇ ಎಳೆದು ಹಾಕುತ್ತಿದ್ದೇವೆ. ಪ್ರತಿ ಸಲ ಬಂದ ಮೇಲೆ ನಾಣ್ಯದಿಂದ ತೇಪೆಯ ಸುತ್ತ ತಟ್ಟಿ ಕೇಳುತ್ತೇನೆ. ಈವರೆಗೆ ಎಲ್ಲೂ ಸದ್ದು ಬದಲಾಗಿಲ್ಲ. ಬರುವ ಫೆಬ್ರವರಿಯಲ್ಲಿ ಉರುಳೆಯ ಜಾಗದ ಸಾಲುಗೆರೆಗಳನ್ನು ಸರಿಪಡಿಸಲು ಮತ್ತೆ ಅಲ್ಲಿಗೇ ಒಯ್ಯುತ್ತಿದ್ದೇವೆ, ದಿನವನ್ನೂ ಗೊತ್ತು ಮಾಡಿಯಾಗಿದೆ.